ಹತ್ತುತ್ತಿದ್ದಾಳೋ, ಇಳಿಯುತ್ತಿದ್ದಾಳೋ?

ಒಂದು ಹಾಳೆ ತೆಗೆದುಕೊಂಡು ನಾಲ್ಕು ಮೆಟ್ಟಿಲು ಬರೆಯಿರಿ. ಅದರ ಮೇಲೊಬ್ಬ ಹುಡುಗಿ. ಒಂದು ಕಾಲು ಎರಡನೆಯ ಮೆಟ್ಟಿಲಲ್ಲಿ, ಇನ್ನೊಂದು ಮೂರನೆಯದರಲ್ಲಿ, ಮುಖ ನಮ್ಮ ಕಡೆಗೆ. ಈಗ ಹಾಳೆಯನ್ನು ಪಕ್ಕದವರಿಗೆ ಕೊಟ್ಟು, ಇವಳು ಏನು ಮಾಡುತ್ತಿದ್ದಾಳೆ ಎಂದು ಕೇಳಿ. ಒಬ್ಬರು ಹತ್ತುತ್ತಿದ್ದಾಳೆ ಎನ್ನುತ್ತಾರೆ, ಇನ್ನೊಬ್ಬರು ಇಳಿಯುತ್ತಿದ್ದಾಳೆ ಎನ್ನುತ್ತಾರೆ. ಮೂರನೆಯವರು ಸ್ವಲ್ಪ ತುಂಟರಾಗಿದ್ದರೆ, ಫೋಟೋ ತೆಗೆಸಿಕೊಳ್ಳಲು ನಿಂತಿದ್ದಾಳೆ ಎಂದಾರು. ಮೂವರ ಉತ್ತರವೂ ಸರಿಯೇ. ಚಿತ್ರದಲ್ಲಿ ಹುಡುಗಿ ಇದ್ದಾಳೆ, ಮೆಟ್ಟಿಲಿದೆ, ಆದರೆ ಅವಳು ಮಾಡುತ್ತಿರುವ ಕೆಲಸ ಮಾತ್ರ ಇಲ್ಲ. ಬಾಣದ ಗುರುತು ಹಾಕಿದರೆ ಸಾಲದೇ ಎನ್ನಬಹುದು. ಹಾಕಬಹುದು, ಆದರೆ ಬಾಣವೆಂದರೆ ‘ಈ ಕಡೆಗೆ’ ಎಂಬುದನ್ನೂ ಯಾರಾದರೂ ಮೊದಲು ಹೇಳಿಕೊಟ್ಟಿರಬೇಕು.

ಕನ್ನಡ ಚೆನ್ನಾಗಿ ಬಲ್ಲ ನಿಮಗೆ ಇದೊಂದು ತಮಾಷೆ. ಕನ್ನಡವನ್ನು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಹಾಗಲ್ಲ. ಬೆಂಗಳೂರಿನ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಕಟ್ಟಡ ಕೆಲಸಕ್ಕೆಂದು ದೂರದಿಂದ ಬಂದವರ ಮಕ್ಕಳಿದ್ದಾರೆ. ಒಬ್ಬನ ಮನೆಯಲ್ಲಿ ಒಡಿಯಾ, ಇನ್ನೊಬ್ಬಳ ಮನೆಯಲ್ಲಿ ಹಿಂದಿ, ಮತ್ತೊಬ್ಬರದು ತೆಲುಗು. ಅದೇ ತರಗತಿಯಲ್ಲಿ ಕಿವಿ ಕೇಳಿಸದ ಮಗು ಇರಬಹುದು, ಕಣ್ಣು ಮಂಜಾಗಿ ಕಾಣುವ ಮಗು ಇರಬಹುದು, ಎಲ್ಲವೂ ಅರ್ಥವಾದರೂ ಮಾತು ಬೇಗ ಹೊರಡದ ಮಗುವೂ ಇರಬಹುದು. ಇಂಥ ಎಲ್ಲ ಮಕ್ಕಳೂ ಒಂದೇ ಕೋಣೆಯಲ್ಲಿ ಕಲಿಯುವುದಕ್ಕೆ ಶಿಕ್ಷಕರು ‘ಸಮನ್ವಯ ಶಿಕ್ಷಣ’ ಎನ್ನುತ್ತಾರೆ. 2016ರಲ್ಲಿ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಶಾಲೆಗಳು ಹೀಗೇ ನಡೆಯಬೇಕು ಎನ್ನುತ್ತದೆ. ಹೇಳುವುದು ಸುಲಭ. ಬೆಳಿಗ್ಗೆ ಹತ್ತು ಗಂಟೆಗೆ ಕರಿಹಲಗೆಯ ಮುಂದೆ ನಿಂತ ಟೀಚರಿಗೆ ಗೊತ್ತು ಕಷ್ಟ ಏನೆಂದು.

ಹೆಸರುಗಳನ್ನು ಕಲಿಸುವುದು ಅಷ್ಟೇನೂ ಕಷ್ಟವಲ್ಲ. ಆನೆಯ ಚಿತ್ರ ತೋರಿಸಿ ‘ಆನೆ’ ಎಂದರಾಯಿತು. ಈ ಉಪಾಯ ಬಹಳ ಹಳೆಯದು. ಯುರೋಪಿನಲ್ಲಿ ಕೊಮೇನಿಯಸ್ ಎಂಬ ಮೇಷ್ಟರು 1658ರಲ್ಲೇ ಮಕ್ಕಳಿಗೆ ಲ್ಯಾಟಿನ್ ಕಲಿಸಲು ಚಿತ್ರಗಳ ಪುಸ್ತಕವೊಂದನ್ನು ಅಚ್ಚು ಹಾಕಿಸಿದ್ದರು. ಮರದ ಅಚ್ಚಿನಲ್ಲಿ ಕೆತ್ತಿದ ಚಿತ್ರ, ಪಕ್ಕದಲ್ಲಿ ಪದ. ನಮ್ಮ ಗೋಡೆಗಳ ಮೇಲೆ ತೂಗುವ ವರ್ಣಮಾಲೆಯ ಚಾರ್ಟುಗಳು ಅದೇ ಕುಲದವು.

ಕಷ್ಟ ಶುರುವಾಗುವುದು ಕೆಲಸವನ್ನು ಹೇಳುವ ಪದಗಳಲ್ಲಿ. ಅದರಲ್ಲೂ ಕನ್ನಡ ಈ ವಿಷಯದಲ್ಲಿ ಸ್ವಲ್ಪ ಹಟಮಾರಿ. ಕಡ್ಡಿ ಮುರಿಯುತ್ತದೆ, ಮಡಕೆ ಒಡೆಯುತ್ತದೆ, ಬಟ್ಟೆ ಹರಿಯುತ್ತದೆ. ‘ಮಡಕೆ ಹರಿಯಿತು’ ಎಂದರೆ ನೀವು ನಗುತ್ತೀರಿ. ಆದರೆ ಕಡ್ಡಿಗೂ ಮಡಕೆಗೂ ಒಂದೇ ‘ತೋಡ್‌ನಾ’ ಬಳಸಬಹುದಾದ ಹಿಂದಿಯಿಂದ ಬಂದ ಹುಡುಗನಿಗೆ, ಇಲ್ಲಿ ಯಾಕಪ್ಪಾ ಇಷ್ಟೊಂದು ಪದ ಎನಿಸುತ್ತದೆ. ಕಡ್ಡಿ ಎರಡು ತುಂಡಾಗಿ ಬಿದ್ದಿರುವ ಚಿತ್ರ ತೋರಿಸಿದರೆ ಅವನಿಗೆ ‘ಎರಡು’ ಎಂದೂ ಅರ್ಥವಾಗಬಹುದು, ‘ಕಡ್ಡಿ’ ಎಂದೂ ಆಗಬಹುದು. ಪಟಕ್ಕನೆ ಮುರಿಯುವ ಆ ಗಳಿಗೆಯನ್ನು ತೋರಿಸಬೇಕು. ಅದಕ್ಕೆ ಚಿತ್ರ ಅಲುಗಬೇಕು.

ಅಲುಗುವ ಚಿಕ್ಕ ಚಿತ್ರಗಳನ್ನು ನೀವೆಲ್ಲ ವಾಟ್ಸಾಪಿನಲ್ಲಿ ನೋಡಿದ್ದೀರಿ. ಮಿಣುಕು ಮಿಣುಕು ಹೂವಿನ ಮೇಲೆ ‘ಶುಭೋದಯ’ ಎಂದಿರುತ್ತದೆ, ಅಜ್ಜನೋ ಚಿಕ್ಕಪ್ಪನೋ ದಿನಾ ಕಳಿಸುತ್ತಾರೆ. ಇಂಥ ಚಿತ್ರಗಳಿಗೆ ಬಳಸುವ ಹಳೆಯ ಬಗೆಯೊಂದರ ಹೆಸರು ಜಿಫ್. 1987ರಲ್ಲಿ ಅಮೆರಿಕದ ಕಂಪ್ಯೂಸರ್ವ್ ಎಂಬ ಕಂಪನಿಯಲ್ಲಿ ಸ್ಟೀವ್ ವಿಲ್‌ಹೈಟ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಒಂದು ಚಿತ್ರದಲ್ಲಿ 256 ಬಣ್ಣಗಳಷ್ಟೇ, ಸದ್ದಂತೂ ಇಲ್ಲವೇ ಇಲ್ಲ. ಹಲವು ಚಿತ್ರಗಳನ್ನು ಒಂದೇ ಕಡತದೊಳಗೆ ಒಂದರ ಹಿಂದೊಂದು ಪೇರಿಸಿಡಬಹುದು. ಯಾವ ಚಿತ್ರ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಸೆಕೆಂಡಿನ ನೂರನೇ ಭಾಗದ ಲೆಕ್ಕದಲ್ಲಿ ಹೇಳಬಹುದು. 1995ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಮಾಡಿದವರು ಇದಕ್ಕೆ ಇನ್ನೊಂದು ಗುಣ ಸೇರಿಸಿದರು. ಕೊನೆಯ ಚಿತ್ರ ಮುಗಿದೊಡನೆ ಮತ್ತೆ ಮೊದಲನೆಯದು, ಮತ್ತೆ ಕೊನೆ, ಮತ್ತೆ ಮೊದಲು. ಗಾಣದ ಎತ್ತಿನಂತೆ ಅಲ್ಲೇ ಸುತ್ತು.

ಆದರೆ ಚಿತ್ರಗಳು ನಿಜವಾಗಿ ಅಲುಗುವುದಿಲ್ಲ. ಪ್ರತಿಯೊಂದೂ ನಿಂತಲ್ಲೇ ನಿಂತಿರುತ್ತದೆ. ಹಾಗಾದರೆ ನಮಗೆ ಅಲುಗಿದಂತೆ ಕಾಣುವುದು ಹೇಗೆ?

ಬೆಲ್ಜಿಯಂನಲ್ಲಿ ಜೋಸೆಫ್ ಪ್ಲಾಟೋ ಎಂಬ ವಿಜ್ಞಾನಿ ಇದ್ದರು. 1832ರಲ್ಲಿ ಅವರು ಒಂದು ದುಂಡನೆಯ ರಟ್ಟಿನ ಮೇಲೆ ಸುತ್ತಲೂ ಚಿತ್ರ ಬರೆದರು. ಒಂದೇ ಮನುಷ್ಯ, ಆದರೆ ಪ್ರತಿ ಚಿತ್ರದಲ್ಲೂ ಕೈಕಾಲು ಸ್ವಲ್ಪ ಸ್ವಲ್ಪ ಬೇರೆ ಜಾಗದಲ್ಲಿ. ರಟ್ಟಿನಲ್ಲಿ ಸಣ್ಣ ಸಣ್ಣ ಸೀಳುಗಳು. ಕನ್ನಡಿಯ ಮುಂದೆ ಅದನ್ನು ತಿರುಗಿಸಿ ಸೀಳುಗಳ ಮೂಲಕ ನೋಡಿದರೆ ಆ ಮನುಷ್ಯ ಕುಣಿಯತೊಡಗುತ್ತಿದ್ದ! ಸೀಳು ಯಾಕೆ ಬೇಕಿತ್ತು? ಸೀಳಿಲ್ಲದೆ ನೋಡಿದರೆ ಚಿತ್ರಗಳೆಲ್ಲ ಒಂದರೊಳಗೊಂದು ಕಲಸಿ ಬರೀ ಬೂದು ಉಂಗುರ ಕಾಣುತ್ತದೆ. ಸೀಳು ಒಂದು ಕ್ಷಣ ತೋರಿಸಿ ಮರುಕ್ಷಣ ಮರೆಮಾಡುತ್ತದೆ. ಆಗ ಕಣ್ಣಿಗೆ ಸಿಗುವುದು ಕಲಸಿದ ಬಣ್ಣವಲ್ಲ, ಬಿಡಿ ಬಿಡಿ ಚಿತ್ರಗಳು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಆಸ್ಟ್ರಿಯಾದಲ್ಲಿ ಸೈಮನ್ ಸ್ಟಾಂಪ್‌ಫರ್ ಎಂಬವರೂ ಇಂಥದ್ದೇ ಆಟಿಕೆ ಮಾಡಿದ್ದರು, ಒಬ್ಬರದು ಇನ್ನೊಬ್ಬರಿಗೆ ತಿಳಿಯದೆ.

ಪ್ಲಾಟೋ ಅವರ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಜಗತ್ತಿಗೆ ಕುಣಿಯುವ ಚಿತ್ರ ತೋರಿಸಿದ ಈ ಮನುಷ್ಯ 1843ರ ಹೊತ್ತಿಗೆ ಪೂರ್ತಿ ಕುರುಡರಾದರು. ಕೆಲಸ ನಿಲ್ಲಿಸಲಿಲ್ಲ. ಗೆಂಟ್ ಊರಿನ ತಮ್ಮ ಮನೆಯಲ್ಲಿ ಸಾಬೂನಿನ ಪೊರೆಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದರು. ಅವರು ಹೇಳಿದಂತೆ ಮನೆಯವರು, ಸಹಾಯಕರು ಮಾಡಿ ನೋಡುತ್ತಿದ್ದರು, ಕಂಡದ್ದನ್ನು ಬಾಯಲ್ಲಿ ವಿವರಿಸುತ್ತಿದ್ದರು, ಲೆಕ್ಕ ಅವರ ತಲೆಯಲ್ಲಿ ನಡೆಯುತ್ತಿತ್ತು. ಸಾಬೂನಿನ ನೊರೆಯಲ್ಲಿ ಗುಳ್ಳೆಗಳು ಯಾವ ಕೋನದಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂಬ ನಿಯಮಗಳಿಗೆ ಇಂದಿಗೂ ಅವರದೇ ಹೆಸರು.

ಮುಂದೆ 1912ರಲ್ಲಿ ಜರ್ಮನಿಯ ಮ್ಯಾಕ್ಸ್ ವರ್ತೈಮರ್ ಇನ್ನೂ ಸರಳವಾದ ಪ್ರಯೋಗವೊಂದನ್ನು ಬರೆದರು. ಎರಡು ಗೆರೆ, ಅಷ್ಟೇ. ಒಂದು ಇಲ್ಲಿ ಕಾಣಿಸಿ ಮರೆಯಾಗುತ್ತದೆ, ಇನ್ನೊಂದು ಸ್ವಲ್ಪ ದೂರದಲ್ಲಿ ಕಾಣಿಸುತ್ತದೆ. ನಡುವೆ ಸೆಕೆಂಡಿನ ನೂರರಲ್ಲಿ 20 ಭಾಗದಷ್ಟು ಬಿಡುವಿದ್ದರೆ ಮೊದಲು ಒಂದು, ಆಮೇಲೆ ಇನ್ನೊಂದು ಎಂದು ಕಾಣುತ್ತದೆ. ಬಿಡುವು 3 ಭಾಗಕ್ಕಿಳಿದರೆ ಎರಡೂ ಒಟ್ಟಿಗೇ ಇದ್ದಂತೆ ಕಾಣುತ್ತದೆ. ಸುಮಾರು 6 ಭಾಗ ಇದ್ದಾಗ ಮಾತ್ರ ಒಂದೇ ಗೆರೆ ಇಲ್ಲಿಂದ ಅಲ್ಲಿಗೆ ಸರಿದಂತೆ ಕಾಣುತ್ತದೆ. ಅಲ್ಲಿ ಸರಿದದ್ದು ಏನೂ ಇಲ್ಲ. ಸರಿದಂತೆ ತೋರಿಸಿದ್ದು ಮಿದುಳು.

ಮಿದುಳಿನ ಹಿಂಭಾಗದಲ್ಲಿ ಇದಕ್ಕೆಂದೇ ಒಂದು ಪುಟ್ಟ ಪ್ರದೇಶವಿದೆ. ಎಡಕ್ಕೆ ಹೋಗುವುದನ್ನು ಕಂಡರೆ ಚುರುಕಾಗುವ ನರಕೋಶಗಳು, ಬಲಕ್ಕೆ ಹೋದರೆ ಚುರುಕಾಗುವವು, ಮೇಲಕ್ಕೆ, ಕೆಳಕ್ಕೆ, ಹೀಗೆ. 1983ರಲ್ಲಿ ಮ್ಯೂನಿಕ್ ನಗರದ ಸಂಶೋಧಕರು ಒಬ್ಬ ಮಹಿಳೆಯ ಬಗ್ಗೆ ಬರೆದರು. ಕಾಯಿಲೆಯಿಂದ ಅವರ ಮಿದುಳಿನ ಹಿಂಭಾಗದ ಎರಡೂ ಬದಿ ಹಾಳಾಗಿತ್ತು. ಬಣ್ಣ ಕಾಣುತ್ತಿತ್ತು, ವಸ್ತುಗಳೂ ಕಾಣುತ್ತಿದ್ದವು, ಓದಲೂ ಬರುತ್ತಿತ್ತು. ಚಲನೆ ಮಾತ್ರ ಕಾಣುತ್ತಿರಲಿಲ್ಲ. ಬಟ್ಟಲಿಗೆ ಕಾಫಿ ಸುರಿದುಕೊಂಡರೆ ಅದು ಹೆಪ್ಪುಗಟ್ಟಿ ನಿಂತಂತೆ ಕಾಣುತ್ತಿತ್ತು. ಬಟ್ಟಲು ತುಂಬುತ್ತಾ ಬಂದದ್ದು ತಿಳಿಯದೆ ಕಾಫಿ ಚೆಲ್ಲಿಹೋಗುತ್ತಿತ್ತು. ರಸ್ತೆಯಲ್ಲಿ ದೂರವಿದ್ದ ಕಾರು ಇದ್ದಕ್ಕಿದ್ದಂತೆ ಎದುರಿಗೇ ಇರುತ್ತಿತ್ತು. ವಸ್ತುವನ್ನು ನೋಡುವುದು ಬೇರೆ, ಅದು ಚಲಿಸುವುದನ್ನು ನೋಡುವುದೇ ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈಗ ತರಗತಿಗೆ ಬರೋಣ. ಕಾಫಿಯ ಮಾತು ಬಂತಲ್ಲ, ‘ಸುರಿ’ ಎಂಬ ಪದವನ್ನೇ ಕಲಿಸೋಣ.

ಕೆಂಪು ಲಂಗದ ಹುಡುಗಿ ಚೊಂಬಿನಿಂದ ಲೋಟಕ್ಕೆ ನೀರು ಸುರಿಯುತ್ತಿರುವ ಒಂದು ಜಿಫ್ ತೋರಿಸಿದೆವು ಎನ್ನಿ. ಟೀಚರು ‘ಸುರಿ’ ಎಂದರು. ಮಗುವಿಗೆ ಏನು ಅರ್ಥವಾಗಿರಬಹುದು? ಸುರಿ ಎಂದರೆ ನೀರು ಇರಬಹುದು. ಚೊಂಬು ಇರಬಹುದು. ಆ ಹುಡುಗಿಯ ಹೆಸರೇ ಸುರಿ ಇರಬಹುದು! ಹಾಗಾಗಿ ಒಂದು ಚಿತ್ರ ಸಾಲದು. ಮುದುಕರೊಬ್ಬರು ಚೀಲದಿಂದ ರಾಗಿ ಸುರಿಯುತ್ತಿದ್ದಾರೆ. ಲಾರಿ ಮರಳು ಸುರಿಯುತ್ತಿದೆ. ಮೋಡದಿಂದ ಮಳೆ ಸುರಿಯುತ್ತಿದೆ. ಮೂರ್ನಾಲ್ಕು ಚಿತ್ರಗಳಾದ ಮೇಲೆ ಹುಡುಗಿ ಹೋದಳು, ಚೊಂಬು ಹೋಯಿತು, ನೀರೂ ಹೋಯಿತು. ಎಲ್ಲದರಲ್ಲೂ ಉಳಿದದ್ದು ಮೇಲಿನಿಂದ ಒಂದೇ ಸಮನೆ ಕೆಳಕ್ಕಿಳಿಯುವ ಆ ಚಲನೆ ಮಾತ್ರ. ಪದದ ಅರ್ಥ ಇರುವುದು ಅಲ್ಲೇ. ಆಮೇಲೆ ಲೋಟಕ್ಕೆ ಕೈ ತಗುಲಿ ಹಾಲು ‘ಚೆಲ್ಲುವ’ ಚಿತ್ರವನ್ನು ಪಕ್ಕದಲ್ಲಿಟ್ಟರೆ ಎರಡಕ್ಕೂ ಇರುವ ವ್ಯತ್ಯಾಸ ವಿವರಣೆಯಿಲ್ಲದೆ ತಿಳಿಯುತ್ತದೆ. ಇಂಥ ಚಿತ್ರದಲ್ಲಿ ಒಂದು ಸಣ್ಣ ಜಾಣತನ ಬೇಕು. ಕೊನೆಯ ಚಿತ್ರವನ್ನು ಅರ್ಧ ಸೆಕೆಂಡಾದರೂ ಹೆಚ್ಚು ನಿಲ್ಲಿಸಬೇಕು. ಇಲ್ಲದಿದ್ದರೆ ತುಂಬಿದ ಲೋಟ ಫಕ್ಕನೆ ಖಾಲಿಯಾಗಿ, ಅದೂ ಪಾಠದ ಭಾಗವೇ ಎಂದು ಮಗು ತಲೆಕೆಡಿಸಿಕೊಳ್ಳುತ್ತದೆ.

ಜಿಫ್‌ಗೆ ಸದ್ದಿಲ್ಲ ಎಂಬುದು ಕೊರತೆಯಂತೆ ಕಾಣುತ್ತದೆ. ಭಾಷೆಯ ತರಗತಿಯಲ್ಲಿ ಅದೇ ಅದರ ಒಳ್ಳೆಯ ಗುಣ ಎಂದು ನನ್ನ ಅಭಿಪ್ರಾಯ. ಚಿತ್ರ ಬಾಯಿ ಮುಚ್ಚಿಕೊಂಡಿರುವುದರಿಂದ ಮಾತಾಡುವ ಕೆಲಸ ಮಕ್ಕಳದಾಗುತ್ತದೆ. ಒಬ್ಬರು ಕನ್ನಡದಲ್ಲಿ ಹೇಳಬಹುದು, ಒಬ್ಬರು ಒಡಿಯಾದಲ್ಲಿ ಹೇಳಿ ಆಮೇಲೆ ಕನ್ನಡಕ್ಕೆ ಬರಬಹುದು, ಒಬ್ಬರು ಕೈಸನ್ನೆಯಲ್ಲಿ ಹೇಳಬಹುದು.

ಸನ್ನೆ ಭಾಷೆಯ ವಿಷಯಕ್ಕೆ ಬಂದರೆ ಚಲನೆಯ ಮಹತ್ವ ಇನ್ನೂ ಹೆಚ್ಚು. ಅಮೆರಿಕದ ವಿಲಿಯಂ ಸ್ಟೋಕಿ 1960ರಲ್ಲಿ ಒಂದು ಸಂಗತಿ ತೋರಿಸಿಕೊಟ್ಟರು. ಸನ್ನೆಯ ಪ್ರತಿ ಪದವೂ ಕೈಯ ಆಕಾರ, ಕೈ ಇರುವ ಜಾಗ ಮತ್ತು ಕೈಯ ಚಲನೆ ಇವುಗಳಿಂದ ಕಟ್ಟಿದ್ದು. ಚಲನೆ ಬದಲಾದರೆ ಪದವೇ ಬದಲಾಗಬಹುದು. ಹಾಗಾಗಿ ಸನ್ನೆಯನ್ನು ಫೋಟೋದಲ್ಲಿ ಕಲಿಸಲು ಹೊರಡುವುದೆಂದರೆ ಅರ್ಧ ಪದ ಕಲಿಸಿದಂತೆ. ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿಗೆಂದು 2015ರಲ್ಲಿ ಒಂದು ಕೇಂದ್ರ ಸ್ಥಾಪನೆಯಾಯಿತು. ಅದು 2018ರಲ್ಲಿ 3,000 ಪದಗಳ ನಿಘಂಟು ತಂದಿತು, 2021ರ ಹೊತ್ತಿಗೆ ಅದು 10,000 ಪದಗಳಿಗೆ ಬೆಳೆಯಿತು. ನಿಘಂಟು ಎಂದರೆ ದಪ್ಪ ಪುಸ್ತಕ ಅಂದುಕೊಳ್ಳಬೇಡಿ, ಅದು ವಿಡಿಯೋಗಳದ್ದು.

ಇಲ್ಲೊಂದು ಸೂಕ್ಷ್ಮವಿದೆ. ಕಿವಿ ಕೇಳುವ ಮಗು ಚಿತ್ರವನ್ನು ನೋಡುತ್ತಲೇ ಟೀಚರ ಮಾತನ್ನು ಕೇಳಬಹುದು. ಕಿವಿ ಕೇಳದ ಮಗುವಿಗೆ ಚಿತ್ರವನ್ನು ನೋಡುವುದಕ್ಕೂ ಕಣ್ಣೇ, ಟೀಚರ ಕೈಸನ್ನೆ ನೋಡುವುದಕ್ಕೂ ಅದೇ ಕಣ್ಣು. ಎರಡನ್ನೂ ಒಟ್ಟಿಗೆ ನೋಡಲಾಗದು. ಉದ್ದನೆಯ ವಿಡಿಯೋ ಓಡುತ್ತಿದ್ದರೆ ಕೈ ನೋಡುವಷ್ಟರಲ್ಲಿ ಚಿತ್ರ ಮುಂದೆ ಹೋಗಿರುತ್ತದೆ. ಎರಡೇ ಸೆಕೆಂಡಿನ ಸುತ್ತುಚಿತ್ರವಾದರೆ ಚಿಂತೆಯಿಲ್ಲ. ಟೀಚರ ಕಡೆ ತಿರುಗಿ ಸನ್ನೆ ನೋಡಿ, ಮತ್ತೆ ತಿರುಗಿದರೆ ಚಿತ್ರ ಅಲ್ಲೇ ಸುರಿಯುತ್ತಿರುತ್ತದೆ.

ಹಾಗಾದರೆ ತುಟಿಗಳ ಚಲನೆಯನ್ನೇ ತೋರಿಸಿ ಮಾತು ಕಲಿಸಬಹುದಲ್ಲ ಎಂದು ಕೇಳುತ್ತೀರಿ. ಕನ್ನಡಿಯ ಮುಂದೆ ನಿಂತು ಸದ್ದು ಮಾಡದೆ ಈ ಮೂರು ಪದ ಹೇಳಿ: ಪಡಿ, ಬಡಿ, ಮಡಿ. ತುಟಿಗಳಲ್ಲಿ ಏನಾದರೂ ವ್ಯತ್ಯಾಸ ಕಂಡಿತೇ? ಗೆಳೆಯರ ಮುಂದೆ ಹೇಳಿ, ಯಾವ ಪದ ಎಂದು ಊಹಿಸಲು ಹೇಳಿ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ವ್ಯತ್ಯಾಸವಿರುವುದು ಗಂಟಲಿನಲ್ಲಿ, ಮೂಗಿನಲ್ಲಿ. ಅಲ್ಲಿ ಅಲುಗುವ ಚಿತ್ರವೂ ಸೋಲುತ್ತದೆ.

ಅಕ್ಷರ ಬರೆಯುವುದಕ್ಕೆ ಮಾತ್ರ ಅದು ಬಹಳ ಉಪಕಾರಿ. ಅಚ್ಚಾದ ಅಕ್ಷರ ತಾನು ಬಂದ ದಾರಿಯನ್ನು ಹೇಳುವುದಿಲ್ಲ. ಕನ್ನಡದ ಲಿಪಿಯಂತೂ ಸುರುಳಿ ಸುರುಳಿ. ಎಲ್ಲಿಂದ ಶುರು ಮಾಡಬೇಕು, ಎತ್ತ ತಿರುಗಬೇಕು, ತಲೆಕಟ್ಟು ಯಾವಾಗ, ಒತ್ತಕ್ಷರ ಎಷ್ಟು ಕೆಳಗೆ, ಇವೆಲ್ಲ ಗೆರೆ ನಿಧಾನವಾಗಿ ಬೆಳೆಯುವುದನ್ನು ಕಂಡಾಗಲೇ ಗೊತ್ತಾಗುವುದು.

ಮಾತು ಹೊರಡದ ಕೆಲವು ಮಕ್ಕಳು ಚಿತ್ರಗಳನ್ನು ಮುಟ್ಟಿ ತೋರಿಸಿ ಮಾತಾಡುತ್ತಾರೆ. ‘ನನಗೆ’, ‘ಕುಡಿ’, ‘ಬೇಕು’ ಎಂದು ಮೂರು ಚಿತ್ರ ಮುಟ್ಟಿದರೆ ಒಂದು ವಾಕ್ಯ. ಇಂಥ ಚಿತ್ರಗಳನ್ನು ಅಲುಗಿಸಿದರೆ ಏನಾಗುತ್ತದೆಂದು ಸಂಶೋಧಕರು ಪುಟ್ಟ ಮಕ್ಕಳ ಮೇಲೆ ಪರೀಕ್ಷಿಸಿ ನೋಡಿದ್ದಾರೆ. ಕೆಲಸ ಹೇಳುವ ಪದಗಳನ್ನು ಊಹಿಸುವುದು ಮಕ್ಕಳಿಗೆ ಸುಲಭವಾಯಿತು. ‘ಮೇಲೆ’, ‘ಒಳಗೆ’ ಇಂಥ ಪದಗಳಲ್ಲಿ ಅಷ್ಟು ಲಾಭ ಕಾಣಲಿಲ್ಲ. ಸರಿಯೇ ಅಲ್ಲವೇ? ಮೇಜಿನ ಮೇಲಿರುವ ಪುಸ್ತಕ ಎಲ್ಲಿಗೂ ಹೋಗುತ್ತಿಲ್ಲ. ಅದನ್ನು ಸುಮ್ಮನೆ ಕುಣಿಸಿದರೆ ಏನು ಬಂತು?

ಅಲುಗುವುದೆಲ್ಲ ಒಳ್ಳೆಯದು ಎಂದುಕೊಂಡವರು ತುಂಬ ಜನ. ಆನೆಗೂ ಕಿವಿ ಅಲ್ಲಾಡಿಸಿ, ಮಾವಿನ ಹಣ್ಣಿಗೂ ಕಣ್ಣು ಮಿಟುಕಿಸಿ, ಪರದೆಯ ಅಂಚಿನಲ್ಲಿ ನಕ್ಷತ್ರ ಉದುರಿಸಿದ ಪಾಠಗಳು ಎಷ್ಟೋ ಬರುತ್ತವೆ. ನನಗವು ಇಷ್ಟವಿಲ್ಲ. ಕಣ್ಣಿನ ಅಂಚಿನಲ್ಲಿ ಏನಾದರೂ ಅಲುಗಿದರೆ ಅತ್ತ ತಿರುಗುವುದು ನಮ್ಮ ಹುಟ್ಟುಗುಣ. ಗಮನ ಬೇಗ ಚದುರುವ ಮಗುವಿಗೆ ಆ ನಕ್ಷತ್ರಗಳೇ ಪಾಠವಾಗಿಬಿಡುತ್ತವೆ, ಮಾವು ಮರೆತುಹೋಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಬಾರ್ಬರಾ ಟ್ವೆರ್ಸ್ಕಿ ಮತ್ತು ಸಂಗಡಿಗರು ಅಲುಗುವ ಚಿತ್ರಗಳ ಮೇಲೆ ನಡೆದಿದ್ದ ಅಧ್ಯಯನಗಳನ್ನೆಲ್ಲ ಸೋಸಿ ನೋಡಿ 2002ರಲ್ಲಿ ಬರೆದರು. ಎಷ್ಟೋ ಕಡೆ ಅವು ನಿಂತ ಚಿತ್ರಗಳಿಗಿಂತ ಹೆಚ್ಚೇನೂ ಕಲಿಸಿರಲಿಲ್ಲ. ಬಹಳ ಬೇಗ ಓಡಿದರೆ, ಬಹಳ ಸಂಗತಿ ಒಟ್ಟಿಗೆ ಅಲುಗಿದರೆ, ನೋಡುವವರ ಮನಸ್ಸು ಹಿಂದೆ ಬೀಳುತ್ತದೆ.

ಮಿನುಗುವ ಚಿತ್ರಗಳಲ್ಲಿ ಅಪಾಯವೂ ಇದೆ. 1997ರ ಡಿಸೆಂಬರ್ 16ರ ಸಂಜೆ ಜಪಾನಿನ ಟೀವಿಯಲ್ಲಿ ಪೋಕೆಮಾನ್ ಬರುತ್ತಿತ್ತು. ಒಂದು ದೃಶ್ಯದಲ್ಲಿ ಕೆಂಪು, ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲದಂತೆ ಬದಲಾಗುತ್ತಾ ಕೆಲವು ಸೆಕೆಂಡು ಹೊಳೆಯಿತು. ನೋಡುತ್ತಿದ್ದವರಲ್ಲಿ 600ಕ್ಕೂ ಹೆಚ್ಚು ಜನರನ್ನು, ಹೆಚ್ಚಿನವರು ಮಕ್ಕಳೇ, ಆಸ್ಪತ್ರೆಗೆ ಒಯ್ಯಬೇಕಾಯಿತು. ಕೆಲವರಿಗೆ ಫಿಟ್ಸ್ ಬಂದಿತ್ತು. ಬೆಳಕು ಹೀಗೆ ಬೇಗ ಬೇಗ ಮಿನುಗಿದರೆ ಕೆಲವರ ಮಿದುಳಿನ ನರಕೋಶಗಳು ಗುಂಪಾಗಿ ಒಂದೇ ತಾಳಕ್ಕೆ ಸಿಕ್ಕಿಬೀಳುತ್ತವೆ. ಈಗ ಜಾಲತಾಣ ಮಾಡುವವರಿಗೆ ಒಂದು ನಿಯಮವಿದೆ. ಯಾವುದೂ ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಮಿನುಗಬಾರದು, ತಾನಾಗಿ ಅಲುಗುತ್ತಾ ಐದು ಸೆಕೆಂಡು ಮೀರುವ ಚಿತ್ರವನ್ನು ನಿಲ್ಲಿಸಲು ಗುಂಡಿ ಇರಬೇಕು. ಜಿಫ್‌ಗೆ ಅಂಥ ಗುಂಡಿ ಹುಟ್ಟಿನಿಂದ ಇಲ್ಲ, ಯಾರಾದರೂ ಸೇರಿಸಬೇಕು.

ಇನ್ನು ಕಣ್ಣು ಕಾಣದ ಮಗು. ಅವಳಿಗೆ ಪರದೆಯ ಮೇಲೆ ಎಷ್ಟು ಸುರಿದರೂ ಅಷ್ಟೇ. ಅವಳ ಕೈಗೆ ಮರಳು ತುಂಬಿದ ಚೊಂಬು ಕೊಟ್ಟು, ಇನ್ನೊಂದು ಕೈ ಕೆಳಗೆ ಹಿಡಿಯಲು ಹೇಳಿ ‘ಸುರಿ’ ಎನ್ನಬೇಕು. ಮರಳು ಜಾರುವುದು ಬೆರಳಿಗೆ ತಿಳಿಯುತ್ತದೆ, ಚೊಂಬು ಹಗುರಾಗುವುದು ತೋಳಿಗೆ ತಿಳಿಯುತ್ತದೆ. 1960ರ ದಶಕದಲ್ಲಿ ಅಮೆರಿಕದ ಜೇಮ್ಸ್ ಆಶರ್ ಎಂಬ ಮನಶ್ಶಾಸ್ತ್ರಜ್ಞ ಹೊಸ ಭಾಷೆ ಕಲಿಸಲು ಇದೇ ದಾರಿ ಹಿಡಿದರು. ‘ಏಳು’, ‘ನಡೆ’, ‘ಬಾಗಿಲು ತೆರೆ’ ಎನ್ನುವುದು, ಕಲಿಯುವವರು ಹಾಗೇ ಮಾಡುವುದು. ಚೊಂಬು ಒಬ್ಬಳ ಕೈಗೆ ಬಂದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಪರದೆ ಆರಿಸಿ ಎಲ್ಲರೂ ಮರಳಿನ ಸುತ್ತ ಕೂರುವುದೇ ಹೆಚ್ಚು.

ಕಂಪ್ಯೂಟರಿಲ್ಲದೆಯೂ ನೀವೊಂದು ಅಲುಗುವ ಚಿತ್ರ ಮಾಡಬಹುದು. ಮುಗಿದ ನೋಟ್‌ಬುಕ್ಕಿನ ಖಾಲಿ ಮೂಲೆಗಳು ಸಾಕು. ಕಡೆಯ ಹಾಳೆಯಿಂದ ಶುರು ಮಾಡಿ. ಬಲಮೂಲೆಯಲ್ಲಿ ಕಟ್ಟೆಯ ಮೇಲಿರುವ ಮಡಕೆ ಬರೆಯಿರಿ. ಅದರ ಮೇಲಿನ ಹಾಳೆಯನ್ನು ಇಳಿಸಿದರೆ ಕೆಳಗಿನ ಗೆರೆ ಮಸುಕಾಗಿ ಕಾಣುತ್ತದೆ, ಅದನ್ನು ನೋಡಿಕೊಂಡು ಮಡಕೆಯನ್ನು ಒಂದಿಷ್ಟೇ ಇಷ್ಟು ವಾಲಿಸಿ ಬರೆಯಿರಿ. ಹೀಗೆ ಒಂದೊಂದೇ ಹಾಳೆ ಮೇಲೆ ಬನ್ನಿ, ಮಡಕೆ ವಾಲಲಿ, ಜಾರಲಿ, ಬೀಳಲಿ, ಚೂರಾಗಲಿ. ಇಪ್ಪತ್ತು ಹಾಳೆ ಇದ್ದರೆ ಚೆನ್ನ. ಹೆಬ್ಬೆರಳಿನಿಂದ ಕೆಳಗಿನ ಹಾಳೆಯಿಂದ ಮೇಲಕ್ಕೆ ಬರ್‍ರನೆ ಬಿಡಿ: ಒಡೆಯಿತು! ಕನ್ನಡ ಕಲಿಯುತ್ತಿರುವ ಗೆಳೆಯನ ಕೈಗೆ ಕೊಟ್ಟು, ಏನಾಯಿತು ಎಂದು ಕೇಳಿ. ಇನ್ನೊಂದು ಪುಸ್ತಕದಲ್ಲಿ ಬಾಗಿಲು ತೆರೆಯುವುದನ್ನು ಬರೆದು ಮುಂದಿನಿಂದಲೂ ಹಿಂದಿನಿಂದಲೂ ಬಿಟ್ಟು ನೋಡಿ, ಒಂದೇ ಹಾಳೆಗಳಲ್ಲಿ ‘ತೆರೆ’ಯೂ ಸಿಗುತ್ತದೆ, ‘ಮುಚ್ಚು’ ಕೂಡ ಸಿಗುತ್ತದೆ. ಮಡಕೆಯ ಪುಸ್ತಕವನ್ನು ಹಿಂದುಮುಂದಾಗಿ ಬಿಟ್ಟರೆ ಮಾತ್ರ ಕಷ್ಟ. ಚೂರುಗಳು ಒಟ್ಟುಗೂಡಿ, ಇಡೀ ಮಡಕೆಯಾಗಿ, ಹಾರಿ ಹೋಗಿ ಕಟ್ಟೆಯ ಮೇಲೆ ಕೂರುತ್ತದೆ. ಈ ಕೆಲಸಕ್ಕೆ ಕನ್ನಡದಲ್ಲಿ ಪದವಿಲ್ಲ. ನಿಮ್ಮ ತರಗತಿಯಲ್ಲಿ ಯಾರ ಮನೆಯ ಭಾಷೆಯಲ್ಲಾದರೂ ಇದೆಯೇ, ಕೇಳಿ ನೋಡಿ.